ದೇಮೇತ್ರಿಯನ ಅಂಗಡಿಯಲ್ಲಿ ಕೂತು ಓದಿ: ಎಫೆಸದ ಗಲಭೆಯನ್ನು ಅರ್ಥ ಮಾಡಿಕೊಳ್ಳುವ ಒಂದು ದಾರಿ

ನಮ್ಮಪ್ಪ ಬೆಳ್ಳಿ ಕೆಲಸದವರು. ಒಡವೆಗಿಂತ ಹರಕೆ ಸಾಮಾನನ್ನೇ ಜಾಸ್ತಿ ಮಾಡುತ್ತಿದ್ದರು. ಬೆಳ್ಳಿ ಕಣ್ಣು, ಬೆಳ್ಳಿ ಕೈ, ಕಾಲು, ಮಗುವಿಗಾಗಿ ಹರಕೆ ಹೊತ್ತವರಿಗೆ ಅಂಗೈಯಗಲದ ತೊಟ್ಟಿಲು. ತಗಡನ್ನು ಅಚ್ಚಿನ ಮೇಲಿಟ್ಟು ಬಡಿಯುವ ಸದ್ದು ಕೇಳಿಕೊಂಡೇ ನಾನು ಎಸ್ಸೆಸ್ಸೆಲ್ಸಿ ಓದಿದ್ದು. ಮುಂದೆ 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದೆ.

ರೋಮ್ ಸಾಮ್ರಾಜ್ಯದ ಪಾಠದ ಕೊನೆಯಲ್ಲಿ ಕ್ರೈಸ್ತ ಧರ್ಮ ಹುಟ್ಟಿ ಹರಡಿದ ವಿಷಯ ಬರುತ್ತಿತ್ತು. ಅರ್ಧ ಪೀರಿಯಡ್ಡಿನಲ್ಲಿ ಮುಗಿಸಿಬಿಡುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಮಿಸ್, ಅಲ್ಲಿ ಅಷ್ಟೊಂದು ದೇವರುಗಳು ಇದ್ದವಲ್ವಾ? ಇನ್ನೊಂದು ದೇವರು ಬಂದರೆ ಅವರಿಗೇನು ತೊಂದರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಾಗ, ಗಣಿತದ ಟೀಚರ್ ಮಾರನೆಯ ದಿನ ಅವರ ಮನೆಯ ಕನ್ನಡ ಬೈಬಲ್ ತಂದು, ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯ ತೆಗೆದು ಕೊಟ್ಟರು. "ಇದರಲ್ಲಿ ನಿಮ್ಮ ಕಸುಬಿನವರೇ ಇದ್ದಾರೆ, ಓದಿ" ಅಂದರು.

ಅಲ್ಲಿಂದ ಶುರುವಾಯಿತು. ಈ ಒಂದು ಅಧ್ಯಾಯವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಹಳೆಯ ಕಾಲದ ಒಂದು ಧರ್ಮಸಂಘರ್ಷವನ್ನು ಹೇಗೆ ಓದಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ. ನಾನು ಓದುವ ಕ್ರಮ ಹೇಳುತ್ತೇನೆ. ನೀವು ಕ್ರೈಸ್ತರಾಗಿರಬೇಕಿಲ್ಲ, ನಾನೂ ಅಲ್ಲ. ಎರಡು ಸಂಜೆ ಬಿಡುವು ಮಾಡಿಕೊಂಡರೆ ಸಾಕು.

ಕೈಯಲ್ಲಿ ಏನಿರಬೇಕು

ಒಂದು ಕನ್ನಡ ಬೈಬಲ್. ಹಳೆಯ ಅನುವಾದ ಒಂದು, ಸರಳ ಅನುವಾದ ಒಂದು ಇದ್ದರೆ ಇನ್ನೂ ಒಳ್ಳೆಯದು. ಒಂದು ನೋಟ್‌ಬುಕ್, ಪೆನ್ಸಿಲ್. ಎಫೆಸದ ಒಂದು ನಕ್ಷೆ. ಅದರಲ್ಲಿ ದೇವಾಲಯ, ರಂಗಮಂದಿರ, ಬಂದರು ಮೂರೂ ಕಾಣಬೇಕು. ಎರಡನೆಯ ಸಂಜೆಗೆ ಪ್ಲಿನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಒಂದು ಕಾಗದ ಬೇಕು. ಅವನ ಪತ್ರಗಳ ಹತ್ತನೇ ಭಾಗದಲ್ಲಿ 96ನೆಯದು. ಎರಡು ಪುಟವೂ ಇಲ್ಲ. ವ್ಯಾಖ್ಯಾನದ ದಪ್ಪ ಪುಸ್ತಕಗಳನ್ನು ಸದ್ಯಕ್ಕೆ ಮುಟ್ಟಬೇಡಿ.

ಮೊದಲು ಗಟ್ಟಿಯಾಗಿ ಓದಿ

ಅಧ್ಯಾಯದಲ್ಲಿ 41 ವಚನಗಳಿವೆ. ಒಂದೇ ಸಲಕ್ಕೆ, ಬಾಯಿಬಿಟ್ಟು ಓದಿ. ಕತೆಯ ಓಟ ಕಿವಿಗೆ ಬೀಳಬೇಕು.

ಕತೆ ಇಷ್ಟು. ಸುಮಾರು ಕ್ರಿ.ಶ. 52ರಿಂದ 55ರ ನಡುವೆ, ಕ್ರೈಸ್ತ ಧರ್ಮ ಸಾರುತ್ತ ಊರೂರು ತಿರುಗುತ್ತಿದ್ದ ಪೌಲ ಎಫೆಸದಲ್ಲಿದ್ದ. ಎಫೆಸ ಇವತ್ತಿನ ಟರ್ಕಿಯ ಪಶ್ಚಿಮದಲ್ಲಿ, ಸೆಲ್ಚುಕ್ ಊರಿನ ಪಕ್ಕ ಇದೆ. ಆಗ ಅದು ರೋಮನ್ನರ ಏಷ್ಯಾ ಪ್ರಾಂತ್ಯದ ದೊಡ್ಡ ಬಂದರು. ಪೌಲ ಮೊದಲ ಮೂರು ತಿಂಗಳು ಯೆಹೂದ್ಯರ ಸಭಾಮಂದಿರದಲ್ಲಿ ಮಾತಾಡಿದ. ಅಲ್ಲಿ ಜಗಳವಾಯಿತು. ಆಮೇಲೆ ತುರನ್ನ ಎಂಬವನ ಪಾಠಶಾಲೆಯಲ್ಲಿ ಎರಡು ವರ್ಷ. ಕೆಲವು ಹಳೆಯ ಪ್ರತಿಗಳಲ್ಲಿ ಒಂದು ಸಣ್ಣ ವಿವರ ಹೆಚ್ಚಿಗೆ ಸಿಗುತ್ತದೆ: ಪಾಠ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ನಡೆಯುತ್ತಿತ್ತು. ಆ ಊರಿನಲ್ಲಿ ಅದು ಉಂಡು ಮಲಗುವ ಹೊತ್ತು. ಹಾಲ್ ಖಾಲಿ ಇರುತ್ತಿತ್ತು, ಬಾಡಿಗೆ ಕಡಿಮೆ ಇದ್ದಿರಬೇಕು ಅಂತ ನನ್ನ ಊಹೆ. ಪೌಲ ಡೇರೆ ಹೊಲಿಯುವ ಕಸುಬಿನವನು. ಎಫೆಸದಲ್ಲಿ ತನ್ನ ಕೈಯಾರೆ ದುಡಿದು ಉಂಡೆ ಅಂತ ಮುಂದಿನ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ಅಂದರೆ ಈ ಕತೆಯಲ್ಲಿ ಎರಡೂ ಕಡೆ ಕೈಕೆಲಸದವರೇ ಇದ್ದಾರೆ. ಇದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

ಗಲಭೆಗೆ ಮೊದಲು ಇನ್ನೊಂದು ಬೆಂಕಿಯ ದೃಶ್ಯ ಇದೆ. ಮಂತ್ರ ತಂತ್ರ ಮಾಡುತ್ತಿದ್ದವರು ಪೌಲನ ಕಡೆ ಬಂದು, ತಮ್ಮ ಪುಸ್ತಕಗಳನ್ನು ತಾವೇ ತಂದು ಸುಟ್ಟರು. ಬೆಲೆ 50,000 ಬೆಳ್ಳಿ ನಾಣ್ಯ. ಒಂದು ಬೆಳ್ಳಿ ನಾಣ್ಯ, ಅಂದರೆ ಒಂದು ದ್ರಾಕ್ಮಾ, ಕೂಲಿಯವನ ಒಂದು ದಿನದ ಸಂಬಳ. ಒಬ್ಬ ಮನುಷ್ಯ ಒಂದು ದಿನವೂ ರಜೆ ಇಲ್ಲದೆ 137 ವರ್ಷ ದುಡಿಯುವಷ್ಟಾಯಿತು. ಮಾಟದ ಪುಸ್ತಕಕ್ಕೆ ಎಫೆಸ ಹೆಸರುವಾಸಿ. "ಎಫೆಸದ ಅಕ್ಷರಗಳು" ಅಂದರೆ ಗ್ರೀಕರಲ್ಲಿ ತಾಯಿತದ ಮಂತ್ರ ಅಂತಲೇ ಅರ್ಥ. ಈ ಪುಸ್ತಕ ಬರೆದ ಲೂಕ ಇಲ್ಲಿ ಸುಮ್ನೆ ಬೆಲೆ ಹಾಕಿಲ್ಲ. ಮುಂದೆ ಬರುವ ಜಗಳದಲ್ಲಿ ದುಡ್ಡಿನ ಮಾತಿದೆ ಅಂತ ಮೊದಲೇ ಗಂಟೆ ಬಾರಿಸುತ್ತಿದ್ದಾನೆ.

ದೇಮೇತ್ರಿಯನ ಮಾತನ್ನು ಕೈಯಿಂದ ನಕಲು ಮಾಡಿ

ಈಗ 24ರಿಂದ 27ನೇ ವಚನ. ಇದನ್ನು ನೋಟ್‌ಬುಕ್‌ಗೆ ಬರೆದುಕೊಳ್ಳಿ. ಬರೆದಾಗ ಮಾತಿನ ಕ್ರಮ ಕಾಣುತ್ತದೆ. ಓದಿದರೆ ಜಾರಿಹೋಗುತ್ತದೆ.

ದೇಮೇತ್ರಿಯ ಬೆಳ್ಳಿ ಕೆಲಸದವನು. ಆರ್ತೆಮಿಸ್ ದೇವಿಯ ಗುಡಿಯ ಚಿಕ್ಕ ಬೆಳ್ಳಿ ಮಾದರಿಗಳನ್ನು ಮಾಡಿಸುತ್ತಿದ್ದ. ಕಸುಬಿನವರನ್ನೆಲ್ಲ ಸೇರಿಸಿ ಮಾತಾಡುತ್ತಾನೆ. ಮೊದಲ ಮಾತು: ನಮ್ಮ ಅನ್ನ ಈ ಕೆಲಸದಿಂದ. ಎರಡನೆಯದು: ಎಫೆಸ ಒಂದೇ ಅಲ್ಲ, ಹೆಚ್ಚುಕಡಿಮೆ ಇಡೀ ಏಷ್ಯಾದಲ್ಲಿ ಈ ಪೌಲ ಜನರನ್ನು ತಿರುಗಿಸಿದ್ದಾನೆ, ಕೈಯಿಂದ ಮಾಡಿದ್ದು ದೇವರಲ್ಲ ಅನ್ನುತ್ತಿದ್ದಾನೆ. ಮೂರನೆಯದು: ನಮ್ಮ ಕಸುಬಿಗೆ ಕೆಟ್ಟ ಹೆಸರು ಬರುತ್ತದೆ. ನಾಲ್ಕನೆಯದು: ಮಹಾದೇವಿಯ ಗುಡಿಗೆ ಬೆಲೆ ಇಲ್ಲದಂತಾಗುತ್ತದೆ. ಕೊನೆಗೆ: ಲೋಕವೆಲ್ಲ ಪೂಜಿಸುವ ದೇವಿಯ ಮಹಿಮೆಯೇ ಹೋಗುತ್ತದೆ.

ಮೊದಲು ಹೊಟ್ಟೆ, ಆಮೇಲೆ ಗುಡಿ, ಆಮೇಲೆ ದೇವಿ. ಹೆಚ್ಚಿನ ಓದುಗರು ಇಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. "ನೋಡಿ, ಇವನಿಗೆ ಬೇಕಾದದ್ದು ದುಡ್ಡು, ದೇವಿ ಬರೀ ನೆಪ." ಲೂಕನಿಗೂ ನೀವು ಹಾಗೆ ಅಂದುಕೊಳ್ಳಬೇಕು ಅಂತಲೇ ಇದೆ. 16ನೇ ಅಧ್ಯಾಯ ತೆಗೆದು ನೋಡಿ. ಫಿಲಿಪ್ಪಿ ಊರಿನಲ್ಲಿ ಕಣಿ ಹೇಳುವ ಒಬ್ಬ ದಾಸಿ ಹುಡುಗಿ. ಪೌಲ ಅವಳ ಮೈಮೇಲಿನ ಆತ್ಮವನ್ನು ಬಿಡಿಸುತ್ತಾನೆ. ಯಜಮಾನರ ಸಂಪಾದನೆ ನಿಲ್ಲುತ್ತದೆ. ಪೌಲನಿಗೆ ಏಟು ಬೀಳುತ್ತದೆ. ಅಲ್ಲಿ ಸಂಪಾದನೆಗೂ ಇಲ್ಲಿ ದೇಮೇತ್ರಿಯನ ಲಾಭಕ್ಕೂ ಗ್ರೀಕಿನಲ್ಲಿ ಒಂದೇ ಪದ, "ಎರ್ಗಸಿಯ". ಲೂಕ ಎರಡು ಕಡೆ ಒಂದೇ ಮೊಳೆ ಹೊಡೆದಿದ್ದಾನೆ.

ನನಗೆ ಮಾತ್ರ ಇಲ್ಲಿ ಅಪ್ಪನ ನೆನಪು ಬರುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಒಬ್ಬ ವ್ಯಾಪಾರಿ ಊರಿಗೆ ಮೆಷಿನ್ನಿನಲ್ಲಿ ಒತ್ತಿದ ಹರಕೆ ಸಾಮಾನು ತಂದ. ಬೆಳ್ಳಿಯಲ್ಲ, ಬೆಳ್ಳಿಯಂತೆ ಹೊಳೆಯುವ ಬಿಳಿ ಲೋಹ. ಕಾಲುಭಾಗ ಬೆಲೆ. ನಮ್ಮವರೆಲ್ಲ ಕಾಳಿಕಾಂಬ ಗುಡಿಯ ಜಗಲಿಯಲ್ಲಿ ಸೇರಿದರು. ಅಪ್ಪ ಎದ್ದು ನಿಂತು ಮೊದಲು ಕೆಲಸ ಹೋಯಿತು ಅಂದರು. ಆಮೇಲೆ, ದೇವರಿಗೆ ಸುಳ್ಳು ಬೆಳ್ಳಿ ಒಪ್ಪಿಸುವುದು ಅಪಚಾರ ಅಂದರು. ರಾತ್ರಿ ಊಟಕ್ಕೆ ಕೂತಾಗ ನಾನು ಕಿಚಾಯಿಸಿದೆ: "ಅಪ್ಪಾ, ನಿಮಗೆ ದೇವರ ಚಿಂತೆಯೋ, ವ್ಯಾಪಾರದ ಚಿಂತೆಯೋ?"

ಅಪ್ಪ ತುತ್ತು ಕೆಳಗಿಟ್ಟು ನನ್ನ ಮುಖ ನೋಡಿದರು. "ಎರಡೂ ಬೇರೆಬೇರೆ ಅಂತ ನಿನಗೆ ಯಾರು ಹೇಳಿಕೊಟ್ಟದ್ದು ಕಣಮ್ಮ?"

ದೇಮೇತ್ರಿಯನನ್ನು ಓದುವಾಗ ಈ ಪ್ರಶ್ನೆ ಪಕ್ಕದಲ್ಲಿಟ್ಟುಕೊಳ್ಳಿ. ಎಫೆಸದ ದೇವಾಲಯ ಬರೀ ಪೂಜೆಯ ಜಾಗ ಆಗಿರಲಿಲ್ಲ. ಜನ ಅಲ್ಲಿ ಹಣ ಇಡುತ್ತಿದ್ದರು. ಕ್ರಿಸ್ತಪೂರ್ವದಲ್ಲೇ ಕ್ಸೆನೊಫೋನ್ ಎಂಬ ಸೇನಾಪತಿ ಯುದ್ಧಕ್ಕೆ ಹೋಗುವ ಮೊದಲು ಅಲ್ಲಿನ ಗುಡಿಯ ಪಾರುಪತ್ಯಗಾರನ ಕೈಯಲ್ಲಿ ಹಣ ಬಿಟ್ಟು ಹೋಗಿದ್ದ. ತಪ್ಪಿಸಿಕೊಂಡು ಬಂದವರಿಗೆ ಆಶ್ರಯ ಅಲ್ಲೇ. ಒಂದು ತಿಂಗಳಿಗೆ ದೇವಿಯ ಹೆಸರು. ಅಂಥ ಊರಿನಲ್ಲಿ "ನಮ್ಮ ಕಸುಬು" ಅಂದರೂ "ನಮ್ಮ ದೇವಿ" ಅಂದರೂ ಒಂದೇ ಹಗ್ಗದ ಎರಡು ತುದಿ. ಹಿಂದಿನ ಬೆಂಚಿನ ಹುಡುಗನಿಗೆ ಇಲ್ಲಿ ಅರ್ಧ ಉತ್ತರ ಇದೆ. ಹೊಸ ದೇವರೊಂದು ಬಂದಿದ್ದರೆ ಎಫೆಸಕ್ಕೆ ತೊಂದರೆ ಇರಲಿಲ್ಲ. ಒಂದು ಮೂಲೆಯಲ್ಲಿ ಜಾಗ ಕೊಡುತ್ತಿದ್ದರು. ಇವನು ತಂದ ದೇವರು ಬೇರೆಯವರ ಪಕ್ಕ ಕೂರುವುದಿಲ್ಲ ಅನ್ನುತ್ತಿದ್ದ.

ಪೌಲನ ಬೋಧನೆ ಎಲ್ಲಿದೆ ಹುಡುಕಿ

ಇದು ನನಗೆ ತುಂಬ ಇಷ್ಟವಾದ ಹಂತ. ಅಧ್ಯಾಯದಲ್ಲಿ ವಿಗ್ರಹಗಳ ಬಗ್ಗೆ ಪೌಲ ಏನು ಹೇಳಿದ ಅಂತ ಹುಡುಕಿ. ಸಿಗುವುದಿಲ್ಲ. ಎರಡು ವರ್ಷ ಪಾಠ ಮಾಡಿದ, ಒಂದು ವಾಕ್ಯವೂ ಇಲ್ಲ. "ಕೈಯಿಂದ ಮಾಡಿದ್ದು ದೇವರಲ್ಲ" ಎನ್ನುವ ಮಾತು ಬರುವುದು ದೇಮೇತ್ರಿಯನ ಬಾಯಿಂದ. ಎದುರಾಳಿಯ ಬಾಯಿಂದ ಮಾತ್ರ ನಮಗೆ ಪೌಲನ ಬೋಧನೆ ಕೇಳುತ್ತಿದೆ!

ಹಾಗಾದರೆ ಅವನು ಏನು ಹೇಳಿರಬಹುದು? ಅದಕ್ಕೆ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಿ. ಒಂದರಲ್ಲಿ 14ನೇ ಅಧ್ಯಾಯ, ಇನ್ನೊಂದರಲ್ಲಿ 17.

14ರಲ್ಲಿ ಲುಸ್ತ್ರ ಎಂಬ ಒಳನಾಡಿನ ಊರು. ಪೌಲನ ಮಾತಿಗೆ ಕುಂಟನೊಬ್ಬ ಎದ್ದು ನಡೆದದ್ದೇ ಜನ ತಮ್ಮ ಲುಕವೋನ್ಯ ಭಾಷೆಯಲ್ಲಿ, ದೇವರುಗಳು ಮನುಷ್ಯರೂಪದಲ್ಲಿ ಇಳಿದು ಬಂದಿದ್ದಾರೆ ಎಂದು ಕೂಗಿದರು. ಪೌಲನ ಜೊತೆಗಾರ ಬಾರ್ನಬ ಗ್ರೀಕರ ದೇವರಾಜ ಝೀಯುಸ್ ಆದ. ಮಾತುಗಾರ ಪೌಲ ದೇವರುಗಳ ದೂತ ಹೆರ್ಮಿಸ್ ಆದ. ಪೂಜಾರಿ ಹೋರಿಗಳನ್ನೂ ಹೂಮಾಲೆಗಳನ್ನೂ ತಂದೇಬಿಟ್ಟ. ಇವರಿಬ್ಬರಿಗೆ ಆ ಭಾಷೆ ಬಾರದ ಕಾರಣವೋ ಏನೋ, ವಿಷಯ ತಡವಾಗಿ ಗೊತ್ತಾಗುತ್ತದೆ. ಬಟ್ಟೆ ಹರಿದುಕೊಂಡು ಓಡಿಬಂದು ತಡೆಯುತ್ತಾರೆ. ಅಲ್ಲಿ ಪೌಲ ಹೇಳುವುದು ಮಳೆ, ಬೆಳೆ, ಅನ್ನ, ಸಂತೋಷ. ಇದನ್ನೆಲ್ಲ ಕೊಡುವ ಜೀವಂತ ದೇವರ ಕಡೆ ತಿರುಗಿ ಅಂತ. ರೈತರ ಊರಿಗೆ ರೈತರ ಮಾತು. ಮುಂದೆ ಅದೇ ಊರಿನಲ್ಲಿ ಹೊರಗಿನಿಂದ ಬಂದವರ ಮಾತು ಕೇಳಿ ಜನ ಅವನಿಗೆ ಕಲ್ಲು ಹೊಡೆದರು. ಬೆಳಿಗ್ಗೆ ಹೂಮಾಲೆ, ಸಂಜೆ ಕಲ್ಲು ಅನ್ನುವ ಹಾಗೆ.

17ರಲ್ಲಿ ಅಥೆನ್ಸ್. ಕೇಳುವವರು ಎಪಿಕ್ಯೂರಿಯನ್ ಮತ್ತು ಸ್ಟೋಯಿಕ್ ಪಂಡಿತರು. ಅವರು ಇವನನ್ನು ಕರೆದ ಪದಕ್ಕೆ ಗ್ರೀಕಿನಲ್ಲಿ "ಕಾಳು ಹೆಕ್ಕುವವನು" ಅಂತ ಅರ್ಥ. ಅಲ್ಲಿಲ್ಲಿ ಕಾಳು ಹೆಕ್ಕುವ ಹಕ್ಕಿಯ ಹಾಗೆ ತುಂಡು ವಿದ್ಯೆ ಕಲಿತವನು ಅಂತ ಹಂಗಿಸುವುದು. ಇಲ್ಲಿ ಪೌಲ ಮಳೆ ಬೆಳೆಯ ಮಾತು ಎತ್ತುವುದಿಲ್ಲ. "ತಿಳಿಯದ ದೇವರಿಗೆ" ಎಂಬ ಬಲಿಪೀಠವನ್ನು ಹಿಡಿದುಕೊಂಡು ಶುರು ಮಾಡುತ್ತಾನೆ. ಅವರದೇ ಕವಿ ಅರಾತೋಸನ ಸಾಲು ಹೇಳುತ್ತಾನೆ. ನಾವು ದೇವರ ಸಂತಾನ ಅಂದಮೇಲೆ ದೇವರು ಚಿನ್ನ, ಬೆಳ್ಳಿ, ಕಲ್ಲಿನ ಹಾಗೆ ಇರಲಾರ ಅಂತ ವಾದ ಕಟ್ಟುತ್ತಾನೆ.

ಎರಡು ಕಾಲಂ ಅಕ್ಕಪಕ್ಕ ನೋಡಿದರೆ ಎಫೆಸದ ಪಾಠ ಹೇಗಿದ್ದಿರಬಹುದು ಅಂತ ಅಂದಾಜು ಸಿಗುತ್ತದೆ. ಕೇಳುವವರ ಹತ್ತಿರ ಇರುವುದರಿಂದ ಶುರು ಮಾಡುತ್ತಾನೆ, ಮುಗಿಸುವುದು ಮಾತ್ರ ವಿಗ್ರಹ ಬಿಡಿ ಅಂತಲೇ. ಇದಕ್ಕೆ ಪೌಲನದೇ ಮಾತಿನ ಸಾಕ್ಷಿ ಬೇಕಾದರೆ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಮೊದಲ ಅಧ್ಯಾಯ ನೋಡಿ. ಸುಮಾರು ಕ್ರಿ.ಶ. 50ರ ಕಾಗದ. ನೀವು ವಿಗ್ರಹ ಬಿಟ್ಟು ಜೀವಂತ ದೇವರ ಕಡೆ ತಿರುಗಿದಿರಿ ಅಂತ ಅಲ್ಲಿ ಬರೆಯುತ್ತಾನೆ. ಲೂಕ ಅಪೊಸ್ತಲರ ಕೃತ್ಯಗಳನ್ನು ಬರೆದದ್ದು ಕೆಲವು ದಶಕಗಳ ನಂತರ ಅಂತ ಹೆಚ್ಚಿನ ವಿದ್ವಾಂಸರ ಮಾತು. ಹಾಗಾಗಿ ಪೌಲನ ಪತ್ರ ಎಲ್ಲಿ ಸಿಗುತ್ತದೋ ಅಲ್ಲಿ ಅದಕ್ಕೆ ಮೊದಲ ಮಣೆ.

ರಂಗಮಂದಿರದೊಳಗೆ ಹೋಗಿ

ಜನ ಪೌಲನ ಜೊತೆಗಾರರಾದ ಗಾಯ ಮತ್ತು ಅರಿಸ್ತಾರ್ಕ ಇಬ್ಬರನ್ನು ಎಳೆದುಕೊಂಡು ರಂಗಮಂದಿರಕ್ಕೆ ನುಗ್ಗಿದರು. ಇವತ್ತು ಕಾಣುವ ಆ ರಂಗಮಂದಿರದಲ್ಲಿ ಸುಮಾರು 24,000 ಜನ ಕೂರಬಹುದು. ಪೌಲನ ಕಾಲದಲ್ಲಿ ಅದು ಇನ್ನೂ ಇಷ್ಟು ದೊಡ್ಡದಾಗಿರಲಿಲ್ಲ. ಪೌಲ ಒಳಗೆ ಹೋಗಲು ಹೊರಟ, ಶಿಷ್ಯರು ಬಿಡಲಿಲ್ಲ. "ಏಷ್ಯಾರ್ಕರು" ಅಂದರೆ ಪ್ರಾಂತ್ಯದ ದೊಡ್ಡ ಮನುಷ್ಯರು ಕೆಲವರು ಅವನ ಸ್ನೇಹಿತರು. ಅವರೂ ಹೋಗಬೇಡ ಅಂತ ಹೇಳಿ ಕಳಿಸಿದರು. ದೊಡ್ಡವರಲ್ಲಿ ಕೆಲವರು ಪೌಲನ ಕಡೆ, ಕಸುಬಿನವರು ದೇವಿಯ ಕಡೆ. ಈ ಗೆರೆ ನಾವು ಅಂದುಕೊಂಡ ಕಡೆ ಬಿದ್ದಿಲ್ಲ, ಅಲ್ವಾ?

32ನೇ ವಚನಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಹೆಚ್ಚಿನವರಿಗೆ ತಾವು ಯಾಕೆ ಸೇರಿದ್ದೇವೆ ಅಂತಲೇ ಗೊತ್ತಿರಲಿಲ್ಲ. ನಾನು ಎಷ್ಟು ಮೆರವಣಿಗೆ, ಎಷ್ಟು ಧರಣಿ ನೋಡಿಲ್ಲ! ಅಲ್ಲಿ "ಸಭೆ" ಅನ್ನಲು ಲೂಕ ಬಳಸಿದ ಗ್ರೀಕ್ ಪದ "ಎಕ್ಲೇಸಿಯ". ಕ್ರೈಸ್ತ ಸಭೆಗೂ ಅದೇ ಪದ. ದಾರಿ ತಪ್ಪಿದ ಸಭೆ ಯಾವುದು ಅಂತ ಲೂಕ ತುಟಿಯಂಚಿನಲ್ಲಿ ನಗುತ್ತಿದ್ದಾನೆ ಅಂತ ನನಗನ್ನಿಸುತ್ತದೆ.

ಅಲೆಕ್ಸಾಂದ್ರ ಎಂಬವನನ್ನು ಯೆಹೂದ್ಯರು ಮುಂದೆ ತಳ್ಳಿದರು. ಅವನು ಯೆಹೂದ್ಯ ಎಂದು ಗೊತ್ತಾದದ್ದೇ ತಡ, "ಎಫೆಸದವರ ಆರ್ತೆಮಿಸ್ ದೊಡ್ಡವಳು" ಅಂತ ಎರಡು ಗಂಟೆ ಕೂಗಾಟ. ಯೆಹೂದ್ಯರೂ ವಿಗ್ರಹ ಒಪ್ಪದವರು. ಗುಂಪಿಗೆ ಪೌಲನೂ ಅಲೆಕ್ಸಾಂದ್ರನೂ ಒಂದೇ.

ಊರಿನ ಗುಮಾಸ್ತನ ಮಾತನ್ನು ಎರಡು ಸಲ ಓದಿ

ಗುಮಾಸ್ತ ಅಂದರೆ ಇಲ್ಲಿ ಸಣ್ಣ ಕೆಲಸದವನಲ್ಲ. ಎಫೆಸದ ನಗರ ಸಭೆಯ ಮುಖ್ಯ ಕಾರ್ಯದರ್ಶಿ. ಜನ ಸುಮ್ಮನಾಗುವವರೆಗೆ ಕಾದು ಮಾತಾಡುತ್ತಾನೆ. ಎಫೆಸ ಮಹಾ ಆರ್ತೆಮಿಸಳ "ನಿಯೋಕೊರೋಸ್", ಅಂದರೆ ಗುಡಿ ಕಾಯುವ ಊರು ಅನ್ನುತ್ತಾನೆ. ಈ ಪದ ನೀರೋ ಕಾಲದ ಎಫೆಸದ ನಾಣ್ಯದ ಮೇಲೂ ಇದೆ. ಲೂಕನಿಗೆ ಈ ಊರಿನ ಸರಕಾರಿ ಭಾಷೆ ಚೆನ್ನಾಗಿ ಗೊತ್ತಿತ್ತು. ಇಂಥ ಪದಗಳನ್ನು ಹುಡುಕಿ ಗುರುತು ಹಾಕಿ. ಬರೆದವನು ಊರು ಬಲ್ಲವನೋ ಅಲ್ಲವೋ ಅನ್ನುವುದು ಇಂಥ ಕಡೆ ತಿಳಿಯುತ್ತದೆ.

ಎರಡನೆಯ ಓದಿನಲ್ಲಿ 35ನೇ ವಚನಕ್ಕೆ ಬನ್ನಿ. ದೇವಿಯ ಮೂರ್ತಿ ಆಕಾಶದಿಂದ ಬಿದ್ದದ್ದು ಅಂತ ಗುಮಾಸ್ತ ಹೇಳುತ್ತಾನೆ. ನನಗೆ ಇದು ಹೊಳೆದದ್ದು ಐದಾರು ಓದಿನ ಮೇಲೆ. ಪೌಲ "ಕೈಯಿಂದ ಮಾಡಿದ್ದು ದೇವರಲ್ಲ" ಅಂದನಂತೆ. ಅದಕ್ಕೆ ಗುಮಾಸ್ತನ ಉತ್ತರ ಇದು. ನಮ್ಮದು ಕೈಯಿಂದ ಮಾಡಿದ್ದೇ ಅಲ್ಲವಲ್ಲ, ಮತ್ತೆ ಆ ಮಾತು ನಮಗೆ ಯಾಕೆ ತಾಗಬೇಕು? ಉದ್ಭವ ಮೂರ್ತಿಯ ಮಾತು ಕೇಳಿ ಬೆಳೆದ ನಮಗೆ ಈ ವಾದ ತಕ್ಷಣ ತಿಳಿಯುತ್ತದೆ. ಆಮೇಲೆ, ಇವರು ಗುಡಿ ದೋಚಿದವರಲ್ಲ, ದೇವಿಯನ್ನು ಬೈದವರಲ್ಲ ಅನ್ನುತ್ತಾನೆ. ಕೊನೆಗೆ ನಿಜವಾದ ಹೆದರಿಕೆ ಹೊರಬರುತ್ತದೆ: ನ್ಯಾಯಾಲಯ ಇದೆ, ರಾಜ್ಯಪಾಲರಿದ್ದಾರೆ, ದೂರು ಇದ್ದರೆ ಅಲ್ಲಿ ಕೊಡಿ, ಇವತ್ತಿನ ಗಲಾಟೆಗೆ ರೋಮ್ ಕಾರಣ ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ. ಸಭೆ ಮುಗಿಸಿ ಕಳಿಸಿಬಿಡುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ. ಪೌಲನ ಕಡೆಯವರು ತಪ್ಪಿತಸ್ಥರಲ್ಲ ಎಂದು ಸರಕಾರಿ ಮನುಷ್ಯನ ಬಾಯಿಂದಲೇ ಬಂದರೆ ಲೂಕನಿಗೆ ಅನುಕೂಲ. ಪೌಲ ಸ್ವತಃ ಬರೆದ ಪತ್ರಗಳಲ್ಲಿ ಈ ಊರಿನ ನೆನಪು ಇಷ್ಟು ಸಲೀಸಾಗಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಎಫೆಸದಲ್ಲಿ ಮೃಗಗಳ ಜೊತೆ ಹೋರಾಡಿದೆ ಅನ್ನುತ್ತಾನೆ. ಎರಡನೆಯದರಲ್ಲಿ ಏಷ್ಯಾದಲ್ಲಿ ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅನ್ನುತ್ತಾನೆ. ಮೃಗ ಅಂದದ್ದು ರೂಪಕವೇ ಇರಬೇಕು. ಆದರೂ ಗುಮಾಸ್ತನ ಭಾಷಣದಿಂದ ಎಲ್ಲ ಸರಿಹೋಯಿತು ಅನ್ನುವ ಚಿತ್ರಕ್ಕೆ ಅದು ಹೊಂದುವುದಿಲ್ಲ. ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಒಂದನ್ನು ಇನ್ನೊಂದಕ್ಕೆ ಹೊಂದಿಸಲು ಹೋಗಬೇಡಿ.

ಎರಡನೆಯ ಸಂಜೆ: ದೇಮೇತ್ರಿಯನ ಭಯ ನಿಜವಾಯಿತೇ?

ಈ ಪ್ರಶ್ನೆಯನ್ನು ಬೈಬಲ್ ಒಳಗೇ ಇದ್ದರೆ ಕೇಳಲು ಆಗುವುದಿಲ್ಲ. ಹೊರಗೆ ಬರಬೇಕು.

ಮೊದಲು ಒಂದು ಕಲ್ಲು. ಕ್ರಿ.ಶ. 104ರಲ್ಲಿ, ಅಂದರೆ ಗಲಭೆಯಾಗಿ ಸುಮಾರು 50 ವರ್ಷದ ಮೇಲೆ, ಗಾಯಸ್ ವಿಬಿಯಸ್ ಸಲುಟಾರಿಸ್ ಎಂಬ ಶ್ರೀಮಂತ ಆರ್ತೆಮಿಸ್‌ಗೆ ದತ್ತಿ ಬಿಟ್ಟ. ಅದರ ಶಾಸನವನ್ನು ರಂಗಮಂದಿರದಲ್ಲೇ ಕೆತ್ತಿಸಿದರು, ಐನೂರಕ್ಕೂ ಹೆಚ್ಚು ಸಾಲು. ಹೌದು, ಅದೇ ರಂಗಮಂದಿರ. ಚಿನ್ನ ಬೆಳ್ಳಿಯ ಮೂರ್ತಿಗಳನ್ನು ದೇವಾಲಯದಿಂದ ಹೊರಡಿಸಿ, ಮಗ್ನೇಸಿಯ ಬಾಗಿಲಿನಿಂದ ಊರೊಳಗೆ ತಂದು, ರಂಗಮಂದಿರದಲ್ಲಿಟ್ಟು, ಕೊರೆಸಿಯ ಬಾಗಿಲಿನಿಂದ ವಾಪಸು ಕರೆದೊಯ್ಯಬೇಕು. ನಮ್ಮ ಕಣ್ಣಿಗೆ ಇದು ಉತ್ಸವಮೂರ್ತಿಯ ಮೆರವಣಿಗೆಯೇ. ಶಾಸನದಲ್ಲಿ ಮೂರ್ತಿಗಳ ತೂಕವೂ ಇದೆ. ಮೂರು ರೋಮನ್ ಪೌಂಡಿನ ಚಿನ್ನದ ಆರ್ತೆಮಿಸ್, ಅವಳ ಪಕ್ಕ ಎರಡು ಬೆಳ್ಳಿ ಜಿಂಕೆ. ತೂಕ ಬರೆಸಿದ್ದು ನೋಡಿ ನನಗೆ ಬಲು ಖುಷಿಯಾಯಿತು. ಬೆಳ್ಳಿ ಕೊಟ್ಟವನು ತೂಕ ಬರೆಸದೆ ಬಿಡುವುದಿಲ್ಲ.

ಅಂದರೆ ಎಫೆಸದಲ್ಲಿ ದೇಮೇತ್ರಿಯನ ಕಸುಬು ಮುಳುಗಲಿಲ್ಲ. ಅವನ ಮೊಮ್ಮಕ್ಕಳ ಕಾಲಕ್ಕೆ ಬೆಳ್ಳಿಗೆ ಒಳ್ಳೆಯ ಕೆಲಸವೇ ಇತ್ತು.

ಈಗ ಪ್ಲಿನಿಯ ಕಾಗದ ತೆಗೆಯಿರಿ. ಸುಮಾರು ಕ್ರಿ.ಶ. 112. ಜಾಗ ಕಪ್ಪು ಸಮುದ್ರದ ದಂಡೆಯ ಬಿಥೀನಿಯ ಮತ್ತು ಪೊಂತ. ಅದೂ ಇವತ್ತಿನ ಟರ್ಕಿಯೇ. ಪ್ಲಿನಿ ಅಲ್ಲಿನ ರಾಜ್ಯಪಾಲ. ಕ್ರೈಸ್ತರು ಅಂತ ದೂರು ಬಂದವರನ್ನು ಏನು ಮಾಡಲಿ ಅಂತ ಚಕ್ರವರ್ತಿಗೆ ಕೇಳುತ್ತಾನೆ. ಅವನ ಪರೀಕ್ಷೆ ಸರಳ: ದೇವರುಗಳ ಹೆಸರು ಹೇಳು, ಚಕ್ರವರ್ತಿಯ ಮೂರ್ತಿಯ ಮುಂದೆ ಧೂಪ ಮತ್ತು ದ್ರಾಕ್ಷಾರಸ ಇಡು, ಕ್ರಿಸ್ತನನ್ನು ಶಪಿಸು. ಮಾಡಿದವನು ಬಚಾವು. ಮೂರು ಸಲ ಕೇಳಿದರೂ ಒಪ್ಪದವನಿಗೆ ಮರಣ. ಇಬ್ಬರು ದಾಸಿಯರನ್ನು ಹಿಂಸಿಸಿ ಬಾಯಿ ಬಿಡಿಸಲು ನೋಡಿದ. ಸಭೆಯಲ್ಲಿ ಅವರು ಸೇವಕಿಯರಾಗಿದ್ದವರು. ಹಿಂದೆ ಕ್ರೈಸ್ತರಾಗಿದ್ದು ಬಿಟ್ಟವರಿಂದ ಸಿಕ್ಕಿದ ವಿಷಯ ಇಷ್ಟೇ: ಗೊತ್ತಾದ ದಿನ ಬೆಳಕು ಹರಿಯುವ ಮೊದಲು ಸೇರುತ್ತಿದ್ದೆವು, ಕ್ರಿಸ್ತನಿಗೆ ಹಾಡುತ್ತಿದ್ದೆವು, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ ಅಂತ ಆಣೆ ಇಡುತ್ತಿದ್ದೆವು, ಆಮೇಲೆ ಸಾಧಾರಣ ಊಟ.

ಕೊನೆಯ ಪ್ಯಾರಾ ನಿಧಾನವಾಗಿ ಓದಿ. ಬಿಕೋ ಅನ್ನುತ್ತಿದ್ದ ಗುಡಿಗಳಿಗೆ ಜನ ಮತ್ತೆ ಬರುತ್ತಿದ್ದಾರೆ, ನಿಂತುಹೋಗಿದ್ದ ಪೂಜೆ ಶುರುವಾಗಿದೆ, ಕೊಳ್ಳುವವರೇ ಸಿಗದಿದ್ದ ಬಲಿಪ್ರಾಣಿಯ ಮಾಂಸ ಈಗ ಮಾರಾಟವಾಗುತ್ತಿದೆ. ಇಲ್ಲಿ ದೇಮೇತ್ರಿಯನ ಭಯ ಬೇರೆ ಊರಿನಲ್ಲಿ, ಬೇರೆ ಅಂಗಡಿಯಲ್ಲಿ ನಿಜವಾಗಿದೆ. ಬೆಳ್ಳಿ ಅಂಗಡಿ ಅಲ್ಲ, ಮಾಂಸದ ಅಂಗಡಿ. ಆದರೆ ಈ ಮಾತು ಮೇಲಧಿಕಾರಿಗೆ ಬರೆದದ್ದು ಅನ್ನುವುದು ನೆನಪಿರಲಿ. ಇನ್‌ಸ್ಪೆಕ್ಟರ್ ಬರುವಾಗ ನಾವೂ ಹಾಜರಿ ಸುಧಾರಿಸಿದೆ ಅಂತ ಬರೆಯುತ್ತಿದ್ದೆವು. ಮೊದಲು ಎಷ್ಟು ಕೆಟ್ಟಿತ್ತು ಅಂತ ಹೇಳಿದಷ್ಟೂ ನಮ್ಮ ಕೆಲಸ ದೊಡ್ಡದಾಗಿ ಕಾಣುತ್ತದೆ.

ಇದರ ಜೊತೆಗೆ ಪೌಲನ ಇನ್ನೊಂದು ಮಾತು ಇಟ್ಟು ನೋಡಿ. ಕೊರಿಂಥದವರಿಗೆ ಮೊದಲ ಪತ್ರ, 8ರಿಂದ 10ನೇ ಅಧ್ಯಾಯ, ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೇ ಅನ್ನುವ ಚರ್ಚೆ. ಆ ಪತ್ರ ಬರೆದದ್ದು ಎಲ್ಲಿಂದ ಗೊತ್ತೇ? ಎಫೆಸದಿಂದ, 16ನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ಗುಡಿಯ ಪಂಕ್ತಿಯಲ್ಲಿ ಕೂರಬೇಡಿ, ಆದರೆ ಕಟುಕರ ಬೀದಿಯಲ್ಲಿ ಮಾರುವುದನ್ನು ಕೇಳದೆ ಕೊಂಡು ತಿನ್ನಿ, ಬೇರೆಯವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ, ಇದು ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ ಮಾತ್ರ ಬಿಡಿ ಅನ್ನುತ್ತಾನೆ. ಒಂದೇ ಬೀದಿಯಲ್ಲಿ, ಒಂದೇ ಪಂಕ್ತಿಯಲ್ಲಿ ಬಾಳುವವರ ಕಷ್ಟ ಇದು. ಹಬ್ಬದ ಊಟಕ್ಕೆ ಕರೆದವರನ್ನು ಏನು ಹೇಳಿ ಕಳಿಸುವುದು ಅನ್ನುವ ಪೇಚಾಟ. ನನ್ನ ಮಟ್ಟಿಗೆ ಆ ಕಾಲದ ಸಂಘರ್ಷದ ಬಹುಪಾಲು ನಡೆದದ್ದು ರಂಗಮಂದಿರದಲ್ಲಲ್ಲ, ಇಂಥ ಎಲೆಗಳ ಮುಂದೆ.

ಬೀಳಬಾರದ ಹಳ್ಳಗಳು

"ಪೇಗನ್" ಅನ್ನುವ ಪದವನ್ನು ಆದಷ್ಟು ಬಿಡಿ. ಎಫೆಸದ ಯಾರೂ ತಮ್ಮನ್ನು ಹಾಗೆ ಕರೆದುಕೊಂಡಿಲ್ಲ. ಲ್ಯಾಟಿನ್‌ನಲ್ಲಿ ಹಳ್ಳಿಯವನು ಎಂದಿದ್ದ ಪದವನ್ನು ಕ್ರೈಸ್ತರು ಎಷ್ಟೋ ಕಾಲದ ಮೇಲೆ ಈ ಅರ್ಥಕ್ಕೆ ತಿರುಗಿಸಿದರು. "ಆರ್ತೆಮಿಸ್ ಭಕ್ತರು", "ಊರವರು" ಅಂತ ಬರೆದುಕೊಂಡರೆ ಮನುಷ್ಯರು ಕಾಣುತ್ತಾರೆ.

ಆರ್ತೆಮಿಸ್ ಅಂದರೆ ನಮ್ಮೂರ ದೇವಿಯೇ ಅಂದುಕೊಳ್ಳಬೇಡಿ. ಮೆರವಣಿಗೆ, ಹರಕೆ, ಗುಡಿಯ ಸುತ್ತಿನ ಅಂಗಡಿ ಇವು ನಮಗೆ ಗೊತ್ತಿರುವುದರಿಂದ ಓದು ಸುಲಭವಾಗುತ್ತದೆ, ನಿಜ. ಆದರೆ ಅವಳ ಕತೆ ಬೇರೆ, ಪೂಜೆ ಬೇರೆ. ಇವತ್ತಿನ ಪೇಪರಿನ ಜಗಳವನ್ನೂ ಒಳಗೆ ತರಬೇಡಿ. ಸ್ಟಾಫ್ ರೂಮಿನಲ್ಲಿ ಈ ಅಧ್ಯಾಯದ ಮಾತು ಎತ್ತಿದಾಗಲೆಲ್ಲ ಎರಡನೇ ನಿಮಿಷಕ್ಕೆ ಯಾರೋ ಒಬ್ಬರು ಅದನ್ನೇ ತರುತ್ತಿದ್ದರು. ಅಲ್ಲಿಗೆ ಎಫೆಸ ಮುಗಿಯಿತು.

ಅಲ್ಲಿಗೇ ಹೋಗುವವರಿಗೆ

ನಾನು ನಿವೃತ್ತಿಯಾದ ಮೇಲೆ ಮಗಳ ಜೊತೆ ಹೋಗಿ ಬಂದೆ. ಬೇಸಿಗೆಯಲ್ಲಿ ಬೇಡ, ನೆರಳು ಕಡಿಮೆ. ನೀರು ಇಟ್ಟುಕೊಳ್ಳಿ. ಮೊದಲು ಆರ್ತೆಮಿಸ್ ದೇವಾಲಯದ ಜಾಗಕ್ಕೆ ಹೋಗಿ. ಏಳು ಅದ್ಭುತಗಳಲ್ಲಿ ಒಂದಾಗಿದ್ದ, 127 ಕಂಬಗಳಿದ್ದವು ಅಂತ ಹಿರಿಯ ಪ್ಲಿನಿ (ಕಾಗದ ಬರೆದ ಪ್ಲಿನಿಯ ಸೋದರಮಾವ) ಬರೆದಿಟ್ಟ ದೇವಾಲಯ. ಈಗ ತುಂಡುಗಳನ್ನು ಪೇರಿಸಿ ನಿಲ್ಲಿಸಿದ ಒಂದೇ ಕಂಬ ಇದೆ. ಅದರ ತುದಿಯಲ್ಲಿ ಕೊಕ್ಕರೆ ಗೂಡು. ಈ ಜಾಗ ಎಲ್ಲಿ ಅಂತಲೇ ಮರೆತುಹೋಗಿತ್ತು. ಜಾನ್ ಟರ್ಟಲ್ ವುಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1863ರಿಂದ ಹುಡುಕಿ, ಸಲುಟಾರಿಸನ ಶಾಸನ ಓದಿ, ಮೆರವಣಿಗೆ ಹೋಗುತ್ತಿದ್ದ ದಾರಿ ಹಿಡಿದು ಅಗೆಯುತ್ತ ಹೋದ. 1869ರ ಡಿಸೆಂಬರ್ 31ರಂದು ಸುಮಾರು 20 ಅಡಿ ಕೆಳಗೆ ನೆಲಹಾಸು ಸಿಕ್ಕಿತು. ಆ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ರಂಗಮಂದಿರಕ್ಕೆ ಹೋಗಿ, ಮೇಲಿನ ಸಾಲಿನಲ್ಲಿ ಕೂತು ಅಧ್ಯಾಯ ಓದಿ. ಎದುರಿಗೆ ನೇರ ಬೀದಿ ಬಂದರಿಗೆ ಹೋಗುತ್ತದೆ. ಬಂದರು ಹೂಳು ತುಂಬಿ ಸಮುದ್ರ ಎಷ್ಟೋ ದೂರ ಸರಿದಿದೆ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಸೆಲ್ಸಸ್ ಗ್ರಂಥಾಲಯವನ್ನು ಪೌಲ ನೋಡಿಲ್ಲ, ಅದು ಎರಡನೇ ಶತಮಾನದ್ದು.

ಕೊನೆಗೆ ಸೆಲ್ಚುಕ್ ಊರಿನ ಮ್ಯೂಸಿಯಂ. 1956ರಲ್ಲಿ ನಗರದ ಸಭಾಭವನದಲ್ಲಿ ಸಿಕ್ಕ ಆರ್ತೆಮಿಸ್ ಮೂರ್ತಿಗಳು ಅಲ್ಲಿವೆ. ಅಮೃತಶಿಲೆ. ಎದೆಯ ಮೇಲೆ ಸಾಲುಸಾಲಾಗಿ ಮೊಟ್ಟೆಯಂಥ ಗುಂಡುಗಳು. ಮೊಲೆಗಳೋ, ಹೋರಿಯ ವೃಷಣಗಳೋ, ಒಡವೆಯೋ ಅಂತ ಇನ್ನೂ ಚರ್ಚೆ ನಡೆಯುತ್ತಿದೆ. ಇದೇ ಊರಿನಲ್ಲಿ ಡೆಮಿಯಾಸ್ ಎಂಬ ಕ್ರೈಸ್ತ ಮುಂದೊಂದು ಕಾಲಕ್ಕೆ ಆರ್ತೆಮಿಸಳ ಮೂರ್ತಿ ತೆಗೆದು ಶಿಲುಬೆ ನಿಲ್ಲಿಸಿದೆ ಅಂತ ಕಲ್ಲಿನಲ್ಲಿ ಬರೆಸಿದ. ಅಲ್ಲಿ ಅವಳನ್ನು ಮೋಸದ ಪಿಶಾಚಿ ಅಂತ ಕರೆದಿದ್ದಾನೆ. ದೇವಿಯನ್ನು ಬೈದವರಲ್ಲ ಅಂತ ಗುಮಾಸ್ತ ಹೇಳಿ ಆಗ ಮುನ್ನೂರಕ್ಕೂ ಹೆಚ್ಚು ವರ್ಷ ಕಳೆದಿತ್ತು.

ಮ್ಯೂಸಿಯಂನಲ್ಲಿ ನಾನು ಹುಡುಕಿದ್ದು ಬೇರೆಯದನ್ನೇ. ದೇಮೇತ್ರಿಯ ಮಾಡಿಸಿದಂಥ ಒಂದು ಬೆಳ್ಳಿ ಗುಡಿ ಇದೆಯಾ ಅಂತ ಗಾಜಿನ ಪೆಟ್ಟಿಗೆಗಳನ್ನೆಲ್ಲ ನೋಡಿಕೊಂಡು ಬಂದೆ. ಇರಲಿಲ್ಲ. ಮಗಳು "ಅಮ್ಮ, ಎರಡು ಸಾವಿರ ವರ್ಷ ಆಯ್ತು" ಅಂದಳು. ವರ್ಷದ ಮಾತಲ್ಲ ಅದು. ಅಪ್ಪ ನಲವತ್ತು ವರ್ಷ ಮಾಡಿದ ಕಣ್ಣು, ಕೈ, ತೊಟ್ಟಿಲುಗಳಲ್ಲಿ ಒಂದಾದರೂ ಇವತ್ತು ಎಲ್ಲಾದರೂ ಇದೆಯಾ ಅಂದರೆ ನನಗೆ ನಂಬಿಕೆ ಇಲ್ಲ. ಎಲ್ಲ ಹುಂಡಿಗೆ ಹೋಗುತ್ತದೆ, ಹುಂಡಿಯಿಂದ ಮೂಸೆಗೆ.